ರವಿಕೆಯ ಒಳಜೇಬು

ಅದನ್ನು ಯಾಕೆ ಹಾಕಿಕೊಳ್ಳುತ್ತೀ ಎಂದು ಕೇಳಿದವರಲ್ಲಿ ನಾನು ಒಬ್ಬೊಬ್ಬರಿಗೆ ಒಂದೊಂದು ಕಾರಣ ಕೊಟ್ಟಿದ್ದೇನೆ. ಕೇಳಿದವರೇನೂ ಬಹಳ ಜನ ಅಲ್ಲ, ಗೊತ್ತಿರುವವರೇ ಕಡಿಮೆ. ನಮ್ಮ ಮನೆಯವರಿಗೆ ಬೆನ್ನುನೋವು ಎಂದೆ. ಬೆಂಗಳೂರಿನಲ್ಲಿರುವ ಮಗಳಿಗೆ, ಸೀರೆ ಸರಿಯಾಗಿ ಕೂರೋದಿಲ್ಲ ಕಣೇ ಎಂದೆ. ಕುಂದಾಪುರದಿಂದ ಅಕ್ಕ ಫೋನು ಮಾಡಿದಾಗ ಡಾಕ್ಟರು ಹೇಳಿದ್ದಾರೆ ಎಂದುಬಿಟ್ಟೆ. ಮೂರೂ ಅಷ್ಟಷ್ಟು ನಿಜವೇ. ಆದರೆ ಮೂರನ್ನು ಕೂಡಿಸಿದರೂ ಪೂರ್ತಿ ನಿಜ ಆಗುವುದಿಲ್ಲ ಎಂಬುದು ಈಚೆಗೆ ಮನಸ್ಸನ್ನು ಕೊರೆಯುತ್ತಿದೆ.

ಅದು ಎಂದರೆ ಸಿಲಿಕಾನಿನಿಂದ ಮಾಡಿದ ಕೃತಕ ಸ್ತನ. ಕ್ಯಾನ್ಸರಿಗಾಗಿ ನನ್ನ ಎಡ ಮೊಲೆಯನ್ನು ಪೂರ್ತಿಯಾಗಿ ತೆಗೆದರು, ಕಂಕುಳಿನ ಗಂಟುಗಳನ್ನೂ ತೆಗೆದರು. ಆಮೇಲೆ ಕೀಮೋ, ರೇಡಿಯೇಶನ್ ಎಲ್ಲ ಆಯಿತು. ಕಾಯಿಲೆಯ ಕಥೆ ಹೇಳಲು ಕೂತಿಲ್ಲ. ಆ ಕಥೆಯಲ್ಲಿ ನಾನು ಮಾಡಿದ್ದು ಕಡಿಮೆ. ಮಲಗು ಎಂದಲ್ಲಿ ಮಲಗಿದೆ, ನುಂಗು ಎಂದದ್ದನ್ನು ನುಂಗಿದೆ. ನನ್ನ ಸ್ವಂತ ತೀರ್ಮಾನ ಅಂತ ಒಂದಿದ್ದರೆ ಅದು ಗಾಯ ಮಾಗಿದ ಮೇಲೆ ಮಾಡಿದ್ದು. ಖಾಲಿಯಾದ ಕಡೆ ಏನಾದರೂ ಇಡುವುದೋ, ಹಾಗೇ ಬಿಡುವುದೋ ಎಂಬುದು. ಇಡುವುದು ಎಂದು ತೀರ್ಮಾನಿಸಿದೆ. ಅದಕ್ಕೆ ನನಗೆ ಪಶ್ಚಾತ್ತಾಪ ಇಲ್ಲ. ತೊಂದರೆ ಇರುವುದು ಕಾರಣದಲ್ಲಿ.

ಬೆನ್ನಿನ ಮಾತನ್ನೇ ತೆಗೆದುಕೊಳ್ಳುತ್ತೇನೆ. ಒಂದು ಕಡೆಯ ಭಾರ ಹೋದರೆ ಮೈ ನಮಗೆ ತಿಳಿಯದೆಯೇ ವಾಲುತ್ತದೆ, ಒಂದು ಹೆಗಲು ಮೇಲೇರುತ್ತದೆ, ಕುತ್ತಿಗೆ ಬಿಗಿಯುತ್ತದೆ ಎಂದು ಫಿಸಿಯೋಥೆರಪಿಯ ಹುಡುಗಿ ಕನ್ನಡಿಯ ಮುಂದೆ ನಿಲ್ಲಿಸಿ ತೋರಿಸಿದ್ದಳು. ಮೈ ತುಂಬಿದವರಿಗೆ ಈ ವ್ಯತ್ಯಾಸ ಹೆಚ್ಚಂತೆ. ಸಿಲಿಕಾನಿನದಕ್ಕೆ ತೂಕ ಇಟ್ಟಿರುವುದೂ ಅದಕ್ಕೇ. ದೊಡ್ಡ ಅಳತೆಯದಾದರೆ ಅರ್ಧ ಕಿಲೋ ಮೀರುತ್ತದೆ. ಇಷ್ಟೂ ಸರಿ. ಆದರೆ ಮನೆಯಲ್ಲಿ ನಾನು ಅದನ್ನು ಹಾಕುವುದೇ ಇಲ್ಲ. ಬಗ್ಗಿ ನೆಲ ಒರೆಸುವಾಗ, ಗ್ರೈಂಡರಿನ ಕಲ್ಲು ತೊಳೆಯುವಾಗ, ಬಲಗೈಯಲ್ಲಿ ನೀರಿನ ಕೊಡ ಎತ್ತುವಾಗ, ಅಂದರೆ ಬೆನ್ನು ನಿಜವಾಗಿ ದುಡಿಯುವ ಹೊತ್ತಿನಲ್ಲೆಲ್ಲ ಅದು ಬೀರುವಿನಲ್ಲಿ ತನ್ನ ಡಬ್ಬಿಯೊಳಗೆ ಇರುತ್ತದೆ. ಮದುವೆ ಮನೆಗೆ ಹೋಗಿ ಕುರ್ಚಿಯ ಮೇಲೆ ಸುಮ್ಮನೆ ಕೂರುವ ದಿನ ಹೊರಗೆ ಬರುತ್ತದೆ. ಬೆನ್ನಿಗಾಗಿ ಎನ್ನುವುದಾದರೆ ಇದು ತಿರುಗುಮುರುಗು ಆಗಬೇಕಿತ್ತು.

ಸೀರೆಯ ಮಾತೂ ಅಷ್ಟೇ. ಸೆರಗು ಬರುವುದೇ ಎಡ ಹೆಗಲಿಗೆ, ಎದುರಿಗೆ ನಿಂತವರಿಗೆ ಏನೂ ತಿಳಿಯುವುದಿಲ್ಲ. ಎಡ ಪಕ್ಕದಿಂದ ನೋಡಿದರೆ, ನಾನು ಕೈ ಎತ್ತಿದ್ದರೆ, ಸೆರಗಿನ ಅಡಿಯಲ್ಲಿ ರವಿಕೆ ಕಾಣುತ್ತದೆ. ಬಸ್ಸಿನಲ್ಲಿ ಕಂಬಿ ಹಿಡಿದಾಗ, ಅಂಗಡಿಯಲ್ಲಿ ಮೇಲಿನ ಅಟ್ಟದ ಪಾತ್ರೆ ತೋರಿಸಿದಾಗ. ಅಷ್ಟು ಹೊತ್ತು ಮಾತ್ರ. ಇನ್ನು ಡಾಕ್ಟರು. ಅವರು ಹೇಳಿದ್ದು, ನಿಮ್ಮ ಇಷ್ಟ ಅಮ್ಮಾ, ಹಾಕಿಕೊಂಡರೆ ಒಳ್ಳೆಯದು, ಬಿಟ್ಟರೂ ಕಾಯಿಲೆಗೆ ಸಂಬಂಧವಿಲ್ಲ ಎಂದು. ಅಕ್ಕನಿಗೆ ನಾನು ಮೊದಲರ್ಧ ಮಾತ್ರ ದಾಟಿಸಿದೆ.

ಹಾಗಾದರೆ ಯಾರ ಕಣ್ಣಿಗೆ ಹೆದರಿ? ಜನ ಅಯ್ಯೋ ಪಾಪ ಎನ್ನುತ್ತಾರೆ ಎಂದು. ಇದನ್ನು ಬರೆದ ಮೇಲೂ ಸಮಾಧಾನವಾಗುತ್ತಿಲ್ಲ, ಯಾಕೆಂದರೆ ಆ ಪಾಪವನ್ನು ನಾನು ಬೇರೆಯವರಿಂದ ಕಲಿಯಲಿಲ್ಲ. ನಮ್ಮ ಮನೆಯ ಹೆಂಗಸರು ಸೇರಿದಾಗ ಯಾರಿಗಾದರೂ ಗರ್ಭಕೋಶ ತೆಗೆದರಂತೆ, ಎದೆ ತೆಗೆದರಂತೆ ಎಂಬ ಸುದ್ದಿ ಬಂದರೆ ದನಿ ತಗ್ಗುತ್ತದೆ. ಆ ತಗ್ಗಿದ ದನಿಯಲ್ಲಿ ಮಾತಾಡಿದವರಲ್ಲಿ ನಾನೂ ಇದ್ದೆ. ಅಂಥ ಹೆಂಗಸು ಎದುರಿಗೆ ಬಂದಾಗ ಕಣ್ಣು ಒಂದು ಕ್ಷಣ ಎಲ್ಲಿಗೆ ಹೋಗಿ ಬರುತ್ತದೆ ಎಂಬುದು ನನ್ನ ಕಣ್ಣಿಗೇ ಗೊತ್ತು. ನಾನು ಹೆದರಿದ್ದು ಅಪರಿಚಿತರ ನೋಟಕ್ಕಲ್ಲ, ನನ್ನದೇ ಹಳೆಯ ನೋಟಕ್ಕೆ.

ಒಂದು ಸಂಗತಿ ಇಲ್ಲಿ ಹೇಳಲೇಬೇಕು. 2018ರ ಫೆಬ್ರುವರಿಯಲ್ಲಿ ಇಲ್ಲಿ ಮದರಾಸಿನ ಸ್ಟ್ಯಾನ್ಲಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ ಬಡ ಹೆಂಗಸರಿಗೆ ಉಚಿತವಾಗಿ ಸ್ತನದ ಪ್ಲಾಸ್ಟಿಕ್ ಸರ್ಜರಿ ಮಾಡುತ್ತಾರೆ ಎಂಬ ಸುದ್ದಿ ಬಂತು. ಇಂಥ ಚಿಕಿತ್ಸೆ ಬಡವರಿಗೆ ಯಾಕೆ ಸಿಗಬಾರದು ಎಂದು ಆಗಿನ ಆರೋಗ್ಯ ಮಂತ್ರಿ ವಿಜಯಭಾಸ್ಕರ್ ಕೇಳಿದರು. ಜೀವ ಉಳಿಸುವ ಚಿಕಿತ್ಸೆ ಬಿಟ್ಟು ಇದಕ್ಕೆ ದುಡ್ಡು ಸುರಿಯುವುದೇ ಎಂದು ಟೀಕೆಯೂ ಬಂತು. ಆಗ ನನಗೆ ಏನೂ ಆಗಿರಲಿಲ್ಲ. ಕಾಫಿ ಕುಡಿಯುತ್ತ ಪೇಪರ್ ಓದಿ ನಮ್ಮ ಮನೆಯವರಿಗೆ ಹೇಳಿದೆ, ಹೊಟ್ಟೆಗೆ ಹಿಟ್ಟಿಲ್ಲದವರಿಗೆ ಇದೆಲ್ಲ ಯಾಕೆ ಬೇಕು ಅಂತ. ಟೀಕೆಯಲ್ಲಿ ನ್ಯಾಯ ಇತ್ತೋ ಇಲ್ಲವೋ, ನನ್ನ ಮಾತಿನಲ್ಲಿ ಇದ್ದದ್ದು ನ್ಯಾಯವಲ್ಲ. ಬಡ ಹೆಂಗಸಿಗೆ ಕನ್ನಡಿ ಬೇಡ ಎಂಬ ಲೆಕ್ಕ. ನನ್ನ ಕನ್ನಡಿಯ ಸರದಿ ಬಂದಾಗ ಆ ಲೆಕ್ಕವನ್ನು ನಾನು ನನಗೆ ಹಾಕಿಕೊಳ್ಳಲಿಲ್ಲ.

ನಾನು ಹುಟ್ಟಿದ್ದೂ ಬೆಳೆದದ್ದೂ ಇದೇ ಊರಿನ ಪುರಸೈವಾಕ್ಕಂನಲ್ಲೇ. ಅಪ್ಪ ಉಡುಪಿ ಕಡೆಯಿಂದ ಹೋಟೆಲ್ ಕೆಲಸಕ್ಕೆ ಬಂದವರು. ಪೂನಮಲ್ಲಿ ಹೈರೋಡಿನಲ್ಲಿ ದಾಸಪ್ರಕಾಶ್ ಹೋಟೆಲ್ ನಡೆಯುತ್ತಿದ್ದ ಕಾಲ. ಪುರಸೈವಾಕ್ಕಂನಲ್ಲಿ ಸಿಗದ ವಸ್ತು ಇಲ್ಲ ಎಂದು ನಾವು ಊರಿಂದ ಬಂದವರಿಗೆ ಹೆಮ್ಮೆಯಿಂದ ಹೇಳುವವರು. ಪುರಸೈವಾಕ್ಕಂ ಹೈರೋಡಿನ ಆ ತುದಿಯಿಂದ ಈ ತುದಿಯವರೆಗೆ ಸೀರೆ, ಪಾತ್ರೆ, ಬಂಗಾರ, ಮದುವೆಗೆ ಬೇಕಾದದ್ದೆಲ್ಲ ನಡೆದೇ ಮುಗಿಸಬಹುದು. ಸರ್ಜಿಕಲ್ ಅಂಗಡಿಗಳೂ ಇವೆ. ಮಾವನವರಿಗೆ ಊರುಗೋಲು, ನಮ್ಮ ಮನೆಯವರಿಗೆ ಬೆಲ್ಟು ಕೊಂಡದ್ದು ಇಲ್ಲೇ. ಆದರೆ ಇದಕ್ಕೆ ಮಾತ್ರ ನಾನು ಊರಿನ ಇನ್ನೊಂದು ತುದಿಗೆ ಹೋದೆ. ನಮ್ಮ ಮನೆಯವರು, ಇಲ್ಲೇ ವಿಚಾರಿಸಬಹುದಿತ್ತಲ್ಲ ಎಂದರು. ಅಲ್ಲಿ ಆಯ್ಕೆ ಜಾಸ್ತಿ ಎಂದೆ. ಇಲ್ಲಿ ವಿಚಾರಿಸಿದ್ದರೆ ತಾನೆ ಹಾಗೆ ಹೇಳಲಿಕ್ಕೆ.

ಅಲ್ಲಿನ ಅಂಗಡಿಯಲ್ಲಿ ಅಳತೆ ನೋಡುವವಳು ವಯಸ್ಸಿನಲ್ಲಿ ನನ್ನ ಮಗಳಷ್ಟಿದ್ದಳು. ಗುಣವಂತೆ. ಪರದೆಯ ಹಿಂದೆ ಕೂರಿಸಿ, ಗಾಯದ ಮೇಲೆ ಬೆರಳು ತಾಗಿಸುವ ಮೊದಲು, ಮುಟ್ಟಲಾ ಆಂಟಿ ಎಂದು ಕೇಳಿದಳು. ಆಪರೇಶನ್ ಆದ ಹೊಸದರಲ್ಲಿ ಕೊಟ್ಟಿದ್ದ ಹತ್ತಿಯದು ಹಗುರ, ಅದು ಗಾಯ ಮಾಗುವವರೆಗೆ ಮಾತ್ರ. ರೇಡಿಯೇಶನ್ನಿಗೆ ಬೆಂದ ಚರ್ಮ ಸರಿಹೋದ ಮೇಲೆ ಸಿಲಿಕಾನ್ ಎಂದಳು. ತ್ರಿಕೋನದ್ದು ಎರಡು ಕಡೆಗೂ ಆಗುತ್ತದೆ. ಹನಿಯ ಆಕಾರದ್ದೂ ಇದೆ. ಕಂಕುಳಿನ ಕಡೆಗೆ ಬಾಲದ ಹಾಗೆ ಚಾಚಿದ್ದು ಎಡಕ್ಕೆ ಬೇರೆ, ಬಲಕ್ಕೆ ಬೇರೆ. ಗಂಟು ತೆಗೆದ ಜಾಗ ಹಳ್ಳ ಬಿದ್ದಿದ್ದರಿಂದ ನನಗೆ ಅದೇ ಬೇಕಾಯಿತು. ಬ್ರಾದ ಒಳಗೆ ಜೇಬು ಇರಬೇಕು, ಪಟ್ಟಿ ಅಗಲ ಇರಬೇಕು. ಸಣ್ಣ ಪಟ್ಟಿ ಹೆಗಲನ್ನು ಕೊರೆದರೆ, ಗಂಟು ತೆಗೆದ ಕಡೆಯ ಕೈ ಊದಿಕೊಳ್ಳುವ ಭಯ ಹೆಚ್ಚುತ್ತದೆ. ದಿನವೂ ಕೈಯಲ್ಲೇ ಸೋಪಿನ ನೀರಿನಲ್ಲಿ ತೊಳೆದು, ಒರೆಸಿ, ಅದರ ಡಬ್ಬಿಯಲ್ಲೇ ಇಡಬೇಕು, ಇಲ್ಲದಿದ್ದರೆ ಆಕಾರ ಕೆಡುತ್ತದೆ. ಪಿನ್ನು ಚುಚ್ಚಬಾರದು. ಸರಿಯಾಗಿ ನೋಡಿಕೊಂಡರೆ ಸುಮಾರು ಎರಡು ವರ್ಷ ಬರುತ್ತದೆ. ಬೆಲೆ ಸಾವಿರಗಟ್ಟಲೆ.

ಕೈಯಲ್ಲಿ ಹಿಡಿದಾಗ ತಣ್ಣಗಿತ್ತು. ಹದವಾಗಿ ನಾದಿ ಇಟ್ಟ ಮೈದಾ ಹಿಟ್ಟಿನ ಹಾಗೆ ಬೆರಳಿಗೆ ಬಗ್ಗಿ ಮತ್ತೆ ತನ್ನ ಆಕಾರಕ್ಕೆ ಬಂತು. ಎದೆಗೆ ಒತ್ತಿಕೊಂಡ ಸ್ವಲ್ಪ ಹೊತ್ತಿಗೆ ಮೈಯ ಬಿಸಿಯೇ ಅದಕ್ಕೂ ಬಂದಿತ್ತು. ಆಗ ನನಗೆ ಅಳು ಬಂದದ್ದು ನಿಜ. ಆ ಅಳುವನ್ನು ನಾನು ಬಹಳ ಕಾಲ ದುಃಖ ಎಂದುಕೊಂಡಿದ್ದೆ. ಸಂತೋಷವೂ ಇತ್ತು ಅನ್ನಿಸುತ್ತದೆ. ಹುಡುಗಿ ಎರಡು ಅಳತೆ ತೋರಿಸಿದಳು. ಒಂದು ನನ್ನ ಉಳಿದ ಮೊಲೆಗೆ ಸರಿಜೋಡಿ, ಈ ವಯಸ್ಸಿಗೆ ತಕ್ಕಂತೆ ಇಳಿಬಿದ್ದದ್ದು. ಇನ್ನೊಂದು ತುಂಬಿಕೊಂಡು ನೆಟ್ಟಗೆ ನಿಲ್ಲುವಂಥದು. ಅದನ್ನು ಕೊಂಡರೆ ಬಲಗಡೆಗೂ ಪ್ಯಾಡ್ ಇಟ್ಟು ಸರಿದೂಗಿಸಬೇಕಿತ್ತು. ಆ ಎರಡನೆಯದನ್ನು ಹಾಕಿಕೊಂಡು ಕನ್ನಡಿಯ ಮುಂದೆ ನಾನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತಿದ್ದೆ. ಸಾವು ಪಕ್ಕದಲ್ಲಿ ಹಾದುಹೋದ ಮೇಲೂ ಚೆನ್ನಾಗಿ ಕಾಣುವ ಆಸೆ ಹೋಗಿರಲಿಲ್ಲ. ಹೋಗಬೇಕಿತ್ತು ಎಂದು ಈಗ ನಾನು ಹೇಳುವುದಿಲ್ಲ. ಆದರೆ ಕೊನೆಗೆ ಮೊದಲನೆಯದನ್ನೇ ಕೊಂಡದ್ದು ವಿವೇಕದಿಂದ ಎಂದು ಹೇಳಿದರೆ ಅದೂ ಸುಳ್ಳು. ಬದಲಾವಣೆ ಯಾರಿಗಾದರೂ ಗೊತ್ತಾಗಿ, ಯಾಕೆ ಏನು ಎಂದು ಕೇಳಿಬಿಟ್ಟರೆ ಎಂಬ ಭಯದಿಂದ ಕೊಂಡೆ.

ಮದರಾಸಿನ ಸೆಕೆಯಲ್ಲಿ ಅದರ ಜೊತೆ ಬದುಕುವುದು ಸುಲಭವಲ್ಲ. ಮೇ ತಿಂಗಳ ಕತ್ತರಿ ಬಿಸಿಲಿಗೆ ಸಿಲಿಕಾನಿನ ಅಡಿಯಲ್ಲಿ ಬೆವರು ನಿಲ್ಲುತ್ತದೆ, ಗಾಯದ ಗೆರೆಯ ಉದ್ದಕ್ಕೂ ಬೆವರುಸಾಲೆ ಏಳುತ್ತದೆ. ಹೊರಗಿಂದ ಬಂದ ಕೂಡಲೇ ಬಾಗಿಲ ಚಿಲಕ ಹಾಕಿ ಅದನ್ನು ತೆಗೆದಿಡುವಾಗ ಸಿಗುವ ಹಾಯಿಯನ್ನು ಬಾಯಿಬಿಟ್ಟು ಹೇಳಲಾರೆ. ಮನೆಯಲ್ಲಿ ನೈಟಿ. ಬೆಲ್ ಆದರೆ ಮೇಲೊಂದು ಟವಲು ಹೊದ್ದು ಬಾಗಿಲು ತೆಗೆಯುತ್ತೇನೆ. ನಮ್ಮ ಓಣಿಯಲ್ಲಿ ಎಲ್ಲ ಹೆಂಗಸರೂ ಹಾಗೇ ತೆಗೆಯುವುದು, ಆದ್ದರಿಂದ ಯಾರಿಗೂ ವಿಶೇಷ ಅನ್ನಿಸುವುದಿಲ್ಲ. ಆ ಟವಲಿನ ಅಡಿಯಲ್ಲಿ ನಾನು ಆರಾಮಾಗಿದ್ದೇನೆ. ಆಗ ನನಗೆ ಒಂದು ಮೊಲೆ ಸಾಕು. ಸಿಲಿಕಾನಿನದು ಬೇಕಾಗುವುದು ನನಗಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಈ ಸೆಕೆಯ ಕಾರಣಕ್ಕೇ ರವಿಕೆಗೆ ಒಳಜೇಬು ಹೊಲಿಸುವ ಯೋಚನೆ ಬಂತು. ಜೇಬಿನ ಬ್ರಾ ದಪ್ಪ ಬಟ್ಟೆಯದು. ಅದನ್ನು ಬಿಟ್ಟು, ಲೈನಿಂಗಿನ ಒಳಗೇ ಒಂದು ಜೇಬು ಇದ್ದರೆ ಹತ್ತಿಯದನ್ನು ಅದರಲ್ಲಿ ಸೇರಿಸಿ ಹತ್ತಿರದ ಕೆಲಸಗಳಿಗೆ ಹೋಗಿಬರಬಹುದು. ನಾನು ರವಿಕೆ ಹೊಲಿಸುವ ಅಂಗಡಿಯ ಮೆಟ್ಟಿಲ ಮೇಲೆ ಒಬ್ಬಾಕೆ ಕೂತು ಸೀರೆಗೆ ಫಾಲ್ಸ್ ಹಾಕುತ್ತಾಳೆ, ಹುಕ್ಕು, ಅಂಚಿನ ಕೈಹೊಲಿಗೆ ಮಾಡಿಕೊಡುತ್ತಾಳೆ. ಟೈಲರ್ ಗಂಡಸು, ಅವನಿಗೆ ಹೇಳಲಾರದೆ ಆಕೆಗೆ ಹೇಳಿದೆ. ಯಾರಿಗೆ ಅಕ್ಕಾ ಎಂದಳು. ಊರಲ್ಲಿ ನಮ್ಮ ಸಂಬಂಧಿಕರೊಬ್ಬರಿಗೆ ಎಂದೆ. ಅಳತೆಗೆ ಕೊಟ್ಟದ್ದು ನನ್ನದೇ ರವಿಕೆ.

ಹೊಲಿದುಕೊಟ್ಟದ್ದು ಬಹಳ ಚೆನ್ನಾಗಿತ್ತು. ತೊಳೆದು ತೊಳೆದು ಮೆತ್ತಗಾದ ವಾಯಿಲ್ ತುಂಡನ್ನು ಎಲ್ಲಿಂದಲೋ ಹುಡುಕಿ ಹಾಕಿದ್ದಳು. ಹೊಲಿಗೆಯ ದಪ್ಪ ಅಂಚು ಮೈ ಕಡೆಗೆ ಬಾರದ ಹಾಗೆ ಆಚೆಗೆ ಮಡಚಿದ್ದಳು. ಜೇಬಿನ ಬಾಯಿಯನ್ನು ಮೇಲಕ್ಕಲ್ಲ, ಕಂಕುಳಿನ ಪಕ್ಕಕ್ಕೆ ಇಟ್ಟಿದ್ದಳು. ನಾನು ಹೇಳಿಕೊಟ್ಟದ್ದು ಇದರಲ್ಲಿ ಒಂದೂ ಇರಲಿಲ್ಲ. ಆಗ ಕೈಗುಣ ಎಂದುಕೊಂಡು ಸುಮ್ಮನಾದೆ.

ಆಮೇಲೊಮ್ಮೆ ಸೀರೆ ತರಲು ಹೋದಾಗ ಕಂಡೆ. ಆಕೆ ಬಗ್ಗಿ ಹೊಲಿಯುತ್ತಿದ್ದಳು. ರವಿಕೆಯ ಬಲಭಾಗ ಮೇಲಕ್ಕೆ ಸರಿದು ಕೊರಳ ಹತ್ತಿರ ಉಬ್ಬಿತ್ತು. ಸೂಜಿ ನಿಲ್ಲಿಸದೆ, ತಲೆ ಎತ್ತದೆ, ಮುಂಗೈಯಿಂದ ಅದನ್ನು ಒತ್ತಿ ಕೆಳಕ್ಕೆ ಸರಿಸಿಕೊಂಡಳು. ಸ್ವಲ್ಪ ಹೊತ್ತಿಗೆ ಮತ್ತೆ ಮೇಲೆ ಬಂತು, ಮತ್ತೆ ಒತ್ತಿಕೊಂಡಳು. ನೋಡಿದ ಬೇರೆ ಯಾರಿಗೂ ಅದು ಏನೂ ಅಲ್ಲ. ಹತ್ತಿಯದನ್ನು ಹಾಕುತ್ತಿದ್ದ ಹೊಸದರಲ್ಲಿ ಅದೇ ಒತ್ತುವಿಕೆ ನನಗೂ ಅಭ್ಯಾಸವಾಗಿತ್ತು. ಆಕೆಯದು ಹತ್ತಿಯದೂ ಅಲ್ಲ, ಮಡಚಿದ ಬಟ್ಟೆ. ಮೂಲೆ ಕಾಣುತ್ತಿತ್ತು.

ನನಗೆ ತಿಳಿಯಿತು. ನಾನು ಸೀರೆ ತೆಗೆದುಕೊಂಡು, ದುಡ್ಡು ಕೊಟ್ಟು, ಮನೆಗೆ ಬಂದೆ.

ಬಹಳ ದಿನ ಹಾಗೇ ಇದ್ದೆ. ಬೀರುವಿನಲ್ಲಿ ಹತ್ತಿಯದು ತೊಳೆದು ಮಡಚಿಟ್ಟಂತೆ ಇತ್ತು, ಒಳಜೇಬಿನ ರವಿಕೆಯನ್ನೂ ನಾನು ಹೆಚ್ಚು ಹಾಕಲಿಲ್ಲ. ಆಕೆಗೆ ಹೇಳಬೇಕಾದದ್ದೆಲ್ಲ ನನಗೆ ಗೊತ್ತಿತ್ತು. ಪಟ್ಟಿ ಅಗಲ ಇರಲಿ ಎಂದು, ಒದ್ದೆ ಬಟ್ಟೆ ಗಾಯಕ್ಕೆ ಒಳ್ಳೆಯದಲ್ಲ ಎಂದು, ಸಿಲಿಕಾನ್ ಆಗದಿದ್ದರೂ ಮುಂಬಯಿಯ ಸಾಯಿಷಾ ಇಂಡಿಯಾ ಫೌಂಡೇಶನ್ನಿನವರು ಹತ್ತಿ ನೂಲಿನಿಂದ ಹೆಣೆದದ್ದನ್ನು ದುಡ್ಡಿಲ್ಲದೆ ಕಳಿಸುತ್ತಾರೆ ಎಂದು. ಹೇಳಲಿಲ್ಲ. ಅವಳ ಗುಟ್ಟು ಅವಳದು, ಕೆದಕಬಾರದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಅವಳ ಕಾಲಿಗೆ ಬ್ಯಾಂಡೇಜು ಇದ್ದಿದ್ದರೆ ಮೆಟ್ಟಿಲಲ್ಲೇ ನಿಂತು ಕೇಳುತ್ತಿದ್ದೆ, ಮನೆಯಿಂದ ಮುಲಾಮು ತಂದುಕೊಡುತ್ತಿದ್ದೆ. ಅವಳ ಗುಟ್ಟಿನ ಮೇಲಿನ ಗೌರವ ಆಗ ನೆನಪಾಗುತ್ತಿರಲಿಲ್ಲ.

ಒಂದು ಭಯ, ಗೊತ್ತಾದರೆ ಟೈಲರಿಗೆ ಹೇಳಿಯಾಳು, ಟೈಲರು ಬೀದಿಗೆ ಹೇಳಿಯಾನು ಎಂಬುದು. ಇದು ಸಣ್ಣ ಭಯ. ಅದರ ಅಡಿಯಲ್ಲಿದ್ದದ್ದನ್ನು ಬರೆಯಲು ಕೈ ಹಿಂಜರಿಯುತ್ತದೆ. ನಾನೂ ನಿನ್ನ ಹಾಗೇ ಎಂದರೆ ಇಬ್ಬರೂ ಒಂದೇ ಮೆಟ್ಟಿಲ ಮೇಲೆ ಕೂತಂತಾಗುತ್ತದೆ. ಹಾದಿಯಲ್ಲಿ ಕಂಡಾಗ ಅವಳು ಕೂಗಿ ಕರೆಯಬಹುದು, ಕೈ ಹಿಡಿದು ನಿಲ್ಲಿಸಬಹುದು. ಫಾಲ್ಸ್ ಹಾಕಿಕೊಡುವವಳು, ಹಾಕಿಸಿಕೊಳ್ಳುವವಳು ಎಂಬ ಗೆರೆ ಇರುವುದಿಲ್ಲ. ಕಾಯಿಲೆ ಅದನ್ನು ಅಳಿಸಿ ಹಾಕಿತ್ತು. ಸಾವಿರಗಟ್ಟಲೆ ಕೊಟ್ಟು ಸಿಲಿಕಾನ್ ಕೊಂಡು ನಾನು ಅದನ್ನು ಮತ್ತೆ ಎಳೆದುಕೊಂಡಿದ್ದೆ. ಹೀಗೆ ಹೇಳಿದರೆ ನಾನು ಬಹಳ ಕೆಟ್ಟವಳಂತೆ ಕಾಣುತ್ತೇನೆ. ಅಷ್ಟು ಕೆಟ್ಟವಳಲ್ಲ ಎಂದು ಹೇಳಬೇಕೆನ್ನಿಸುತ್ತದೆ, ಆದರೆ ಆ ಅನ್ನಿಸುವಿಕೆಯೂ ಇದೇ ಜಾತಿಯದು.

ಮಗಳು ಒಮ್ಮೆ ರಜೆಗೆ ಬಂದಾಗ ಆಡ್ರೆ ಲಾರ್ಡ್ ಎಂಬ ಅಮೆರಿಕದ ಕಪ್ಪು ಕವಯಿತ್ರಿಯ ವಿಷಯ ಹೇಳಿದಳು. 1978ರಲ್ಲಿ ಆಕೆಯ ಒಂದು ಸ್ತನ ತೆಗೆದರು. ಕೃತಕ ಸ್ತನ ಹಾಕದೆ ಡಾಕ್ಟರ ಬಳಿಗೆ ಹೋದಾಗ ಅಲ್ಲಿನ ನರ್ಸ್, ಹೀಗೆ ಬಂದರೆ ಇಲ್ಲಿಗೆ ಬರುವ ಉಳಿದವರ ಮನಸ್ಸು ಕುಗ್ಗುತ್ತದೆ ಎಂಬರ್ಥದ ಮಾತಾಡಿದಳಂತೆ. ಆಕೆ ಅದನ್ನು ಹಾಕದೇ ಉಳಿದರು, 1980ರಲ್ಲಿ ಇದೆಲ್ಲವನ್ನೂ ಪುಸ್ತಕ ಮಾಡಿದರು. ಸ್ತನ ಕಳೆದುಕೊಂಡ ಹೆಂಗಸರು ಅದನ್ನು ಮುಚ್ಚಿಕೊಂಡರೆ ಒಬ್ಬರಿಗೊಬ್ಬರು ಕಾಣಿಸದೇ ಹೋಗುತ್ತಾರೆ, ಕಾಣಿಸದವರು ಒಟ್ಟಾಗಲಾರರು ಎಂಬುದು ಅವರ ವಾದ. ಮಗಳು ಇದನ್ನು ಹೇಳಿದ್ದು ನನಗೆ ಧೈರ್ಯ ಬರಲಿ ಎಂದು. ನನಗೆ ಸಿಟ್ಟು ಬಂತು. ಕವಯಿತ್ರಿಗೆ ಪುರಸೈವಾಕ್ಕಂ ಗೊತ್ತಿಲ್ಲ ಎಂದೆ.

ಸಿಟ್ಟು ಇಳಿದ ಮೇಲೆ ಯೋಚಿಸಿದೆ. ನಮ್ಮ ದೇಶದ ಹೆಂಗಸರಲ್ಲಿ ಅತಿ ಹೆಚ್ಚಾಗಿ ಬರುವ ಕ್ಯಾನ್ಸರ್ ಇದೇ. 2022ರ ಒಂದು ವರ್ಷದಲ್ಲೇ ಸುಮಾರು 1.92 ಲಕ್ಷ ಹೆಂಗಸರಿಗೆ ಹೊಸದಾಗಿ ಬಂದಿದೆ ಎಂಬ ಅಂದಾಜಿದೆ. ಅಡ್ಯಾರಿನ ಕ್ಯಾನ್ಸರ್ ಇನ್‌ಸ್ಟಿಟ್ಯೂಟನ್ನು ಮುತ್ತುಲಕ್ಷ್ಮಿ ರೆಡ್ಡಿ 1954ರಲ್ಲಿ ಶುರುಮಾಡಿದಾಗ ಇದ್ದದ್ದು 12 ಹಾಸಿಗೆ. ತಂಗಿಯನ್ನು ಕ್ಯಾನ್ಸರಿಗೆ ಕಳೆದುಕೊಂಡ ಸಂಕಟದಿಂದ ಅವರು ಅದಕ್ಕೆ ಕೈಹಾಕಿದರು. ಅಂದಿನಿಂದ ಇಂದಿನವರೆಗೆ ಈ ಊರಿನಲ್ಲಿ ಎಷ್ಟು ಹೆಂಗಸರು ಚಿಕಿತ್ಸೆ ಪಡೆದು ಮನೆಗೆ ಹೋಗಿರಬೇಕು! ದೀಪಾವಳಿಯ ಹಿಂದಿನ ವಾರ ನಮ್ಮ ಹೈರೋಡಿನ ಜಂಗುಳಿಯಲ್ಲಿ ನನ್ನ ಹೆಗಲಿಗೆ ಹೆಗಲು ತಾಗಿಸಿ ನಡೆದವರಲ್ಲಿ ಕೆಲವರಾದರೂ ಇದ್ದಿರಬೇಕು. ಇಷ್ಟು ವರ್ಷದಲ್ಲಿ ನಾನು ಗುರುತಿಸಿದ್ದು ಒಬ್ಬಳನ್ನು. ಗುರುತಿಸಿಯೂ ಮುಖ ತಿರುಗಿಸಿದೆ.

ಹಾಗೆಂದು ಲಾರ್ಡ್ ಹೇಳಿದ್ದನ್ನು ಪೂರ್ತಿ ಒಪ್ಪಲೂ ಆಗುವುದಿಲ್ಲ. ಬಾರ್ಬಿ ಗೊಂಬೆಯನ್ನು 1959ರಲ್ಲಿ ಮಾರುಕಟ್ಟೆಗೆ ತಂದ ರೂತ್ ಹ್ಯಾಂಡ್ಲರ್ ಎಂಬಾಕೆಗೂ 1970ರಲ್ಲಿ ಇದೇ ಆಪರೇಶನ್ ಆಯಿತು. ಅಂಗಡಿಯಲ್ಲಿ ಸಿಕ್ಕಿದ್ದು ಆಕೆಗೆ ಹಿಡಿಸಲಿಲ್ಲ. ತಾನೇ ಒಂದು ಕಂಪನಿ ಕಟ್ಟಿ, ಎಡಕ್ಕೆ ಬೇರೆ ಬಲಕ್ಕೆ ಬೇರೆ ಮಾಡಿಸಿ, ಅಂಗಡಿಗಳಿಗೆ ಹೋಗಿ ಹೆಂಗಸರಿಗೆ ಸ್ವತಃ ಅಳತೆ ನೋಡಿ ಹಾಕಿಕೊಟ್ಟಳು. ತನಗೂ ಆಗಿದೆ ಎಂಬುದನ್ನು ಎಲ್ಲೂ ಬಚ್ಚಿಡಲಿಲ್ಲ. ಒಬ್ಬಾಕೆ ಹಾಕಲಿಲ್ಲ, ಹೇಳಿದಳು. ಇನ್ನೊಬ್ಬಾಕೆ ಹಾಕಿಕೊಂಡಳು, ಹೇಳಿದಳು. ನಾನು ಹಾಕಿಕೊಂಡೆ, ಹೇಳಲಿಲ್ಲ. ತಪ್ಪು ಸಿಲಿಕಾನಿನದಲ್ಲ ಎಂಬುದು ಇವರಿಬ್ಬರನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ತಿಳಿಯಿತು. ಅದು ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿದೆ. ಹಾಕಿಕೊಂಡು ಬೀದಿಗೆ ಇಳಿದಾಗ ನನ್ನ ನಡಿಗೆ ನೇರವಾಗುತ್ತದೆ, ಅದನ್ನು ನಾನು ಕಡೆಗಣಿಸಲಾರೆ. ಯಾರಿಗಾದರೂ ಬೇಕೆನ್ನಿಸಿದರೆ ಅವರು ಸಂಕೋಚವಿಲ್ಲದೆ ಹಾಕಿಕೊಳ್ಳಲಿ ಎಂದೇ ನನ್ನ ಮನಸ್ಸಿನಲ್ಲಿ ಇದೆ.

ಕೊನೆಗೆ ಹತ್ತಿಯದನ್ನು ಆಕೆಗೆ ಕೊಟ್ಟೆ. ಹೇಗೆ ಕೊಟ್ಟೆ ಎಂಬುದೇ ಮುಖ್ಯ. ಟೈಲರ್ ಊಟಕ್ಕೆ ಹೋದ ಹೊತ್ತು ನೋಡಿಕೊಂಡು ಹೋಗಿ, ಕವರಿನಲ್ಲಿ ಸುತ್ತಿದ್ದನ್ನು ಮುಂದಿಟ್ಟು, ನಮ್ಮ ಆ ಸಂಬಂಧಿಕರದು, ಅವರಿಗೆ ಈಗ ಬೇಡವಂತೆ, ನಿನಗೆ ಯಾರಾದರೂ ಗೊತ್ತಿದ್ದರೆ ಕೊಡು ಎಂದೆ. ಆಕೆ ಸೆರಗಿಗೆ ಕೈ ಒರೆಸಿಕೊಂಡು ಕವರ್ ಬಿಚ್ಚಿ ಒಳಗೆ ಬೆರಳಿಟ್ಟು ಒತ್ತಿ ನೋಡಿದಳು.

"ಅವರು ಚೆನ್ನಾಗಿದ್ದಾರಾ ಅಕ್ಕಾ?"

"ಚೆನ್ನಾಗಿದ್ದಾರೆ."

"ಊಟ ಸೇರುತ್ತಾ?"

"ಸೇರುತ್ತೆ."

"ಕೈ ಊದುತ್ತಾ?"

ಸ್ವಲ್ಪ ಊದುತ್ತೆ, ಸಂಜೆ ಹೊತ್ತು ಎಂದೆ. ಮಲಗುವಾಗ ದಿಂಬಿನ ಮೇಲೆ ಕೈ ಇಟ್ಟುಕೊಳ್ಳಲು ಹೇಳಿ ಅಕ್ಕಾ, ಬಳೆ ಬಿಗಿಯಾಗಿದ್ದರೆ ತೆಗೆಯಲು ಹೇಳಿ ಎಂದಳು. ನನ್ನ ಎಡಗೈಯ ಬಳೆಗಳ ಕಡೆಗೆ ನೋಡಲಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ವಿಮಾ ಕಾರ್ಡಿನಲ್ಲಿ ಎಲ್ಲ ಮಾಡುತ್ತಾರೆ, ಡಾಕ್ಟರಮ್ಮ ಚೆನ್ನಾಗಿ ಮಾತಾಡಿಸುತ್ತಾರೆ ಎಂದೂ ಹೇಳಿದಳು, ಯಾರದೋ ಸುದ್ದಿ ಹೇಳಿದ ಹಾಗೆ. ನಾನು ಹೂಂ ಎಂದೆ. ಮನೆಗೆ ಬಂದು ಬಳೆ ತೆಗೆದಿಟ್ಟೆ. ಈಗಲೂ ದಿಂಬಿನ ಮೇಲೆ ಕೈ ಇಟ್ಟು ಮಲಗುತ್ತೇನೆ. ಒಳ್ಳೆಯದಾಗಿದೆ.

ಇದನ್ನು ಕೇಳಿ ಮಗಳು, ಇಬ್ಬರೂ ಎಷ್ಟು ನಾಜೂಕಾಗಿ ನಡೆದುಕೊಂಡಿರಿ ಅಮ್ಮಾ ಎಂದಳು. ಹಾಗೆ ಎಂದುಕೊಳ್ಳುವುದು ನನಗೂ ಹಿತವೇ. ಆದರೆ ನಾಜೂಕು ಅವಳದು. ನನ್ನ ಸುಳ್ಳಿಗೆ ಬಾಗಿಲು ತೆರೆದು, ಅದರೊಳಗೇ ನಿಂತು, ನನಗೆ ಬೇಕಾದದ್ದನ್ನು ಹೇಳಿದಳು. ನಾನು ಕೊಟ್ಟದ್ದು ನನಗೆ ಬೇಡವಾದದ್ದನ್ನು. ಸಿಲಿಕಾನಿನದು ಹಳತಾಗುತ್ತಿದೆ, ಹೊಸದು ಕೊಳ್ಳಬೇಕು. ಕೊಂಡ ಮೇಲೆ ಹಳೆಯದನ್ನು ಅವಳಿಗೆ ಕೊಡಬಹುದಲ್ಲ ಎಂಬ ಯೋಚನೆ ಬಂದ ಕೂಡಲೇ ನನ್ನ ಬಗ್ಗೆ ನನಗೆ ಬೇಸರವಾಯಿತು. ನನ್ನದು ಎಡದ್ದು, ಅವಳಿಗೆ ಬೇಕಾದದ್ದು ಬಲದ್ದು. ಅಷ್ಟನ್ನೂ ನೋಡದೆ ದಾನದ ಯೋಚನೆ ಓಡುತ್ತದೆ. ಅವಳ ಅಳತೆಯದನ್ನು ಮುಂಬಯಿಯಿಂದ ತರಿಸಿಕೊಡಬಹುದು. ಅದಕ್ಕೆ ಅವಳನ್ನು ಕೇಳಬೇಕು, ಕೇಳುವುದಕ್ಕೆ ನಾನು ಯಾರು ಎಂದು ಹೇಳಬೇಕು. ಸಂಬಂಧಿಕರ ಹೆಸರಿನಲ್ಲಿ ಇನ್ನೊಂದು ಕವರು ತೆಗೆದುಕೊಂಡು ಹೋಗುವುದು ಸುಲಭ. ಸುಲಭವಾದ್ದರಿಂದಲೇ ಈ ಸಲ ಹೋಗಿಲ್ಲ. ಇದು ತತ್ವವೋ, ಮತ್ತೊಂದು ನೆಪವೋ ನನಗೆ ಸ್ಪಷ್ಟವಿಲ್ಲ. ಅಷ್ಟರಲ್ಲಿ ನಷ್ಟವಾಗುತ್ತಿರುವುದು ಅವಳಿಗೆ.

ಇಷ್ಟನ್ನು ಬರೆದು ನಾನು ಹಗುರಾದೆ ಎಂದು ಯಾರಾದರೂ ಭಾವಿಸಿದರೆ ಒಂದು ಮಾತು ಹೇಳಬೇಕು. ನಮ್ಮ ಕಟ್ಟಡದಲ್ಲಿ ತಮಿಳರಿದ್ದಾರೆ, ತೆಲುಗಿನವರಿದ್ದಾರೆ, ಮಾರವಾಡಿಗಳಿದ್ದಾರೆ. ಟೈಲರಿಗಾಗಲಿ, ಸರ್ಜಿಕಲ್ ಅಂಗಡಿಯವರಿಗಾಗಲಿ, ಆಕೆಗಾಗಲಿ ಕನ್ನಡ ಓದಲು ಬಾರದು. ಇದನ್ನು ತಮಿಳಿನಲ್ಲಿ ಬರೆಯುವಷ್ಟು ತಮಿಳು ನನಗೆ ಬರುತ್ತದೆ, ಶಾಲೆಯಲ್ಲಿ ಕಲಿತದ್ದು ಅದನ್ನೇ. ಆದರೂ ಕನ್ನಡದಲ್ಲಿ ಬರೆದೆ. ಆದ್ದರಿಂದ ಈ ಬರಹವನ್ನು ಅವಳಿಗೆ ಹೇಳಿದ ಲೆಕ್ಕಕ್ಕೆ ಸೇರಿಸುವಂತಿಲ್ಲ. ಅವಳಿಗೆ ನಾನು ಇನ್ನೂ ಹೇಳಿಲ್ಲ.